ತಿರುಗಿ ಹೇಳದ ಮಾತು

ಬೀದರ್, ಚೌಬಾರಾ ಹಿಂದಿನ ಗಲ್ಲಿ
9 ಡಿಸೆಂಬರ್ 2024

ಶ್ರೀ ಅಮೋಲ್ ಅವರಿಗೆ,

ಫಕ್ರೋದ್ದೀನನ ಸಲಾಂ. ನೀವು ದಿನವೂ ಫೋನ್ ಮಾಡುತ್ತಿದ್ದೀರಿ ಎಂದು ನನ್ನ ಹೆಂಡತಿ ಸಕೀನಾ ಹೇಳಿದಳು. ಎತ್ತಬೇಡ ಎಂದವನು ನಾನೇ. ನಿಮ್ಮ ಕಿವಿಯ ಮೇಲೆ ನನಗೆ ಭರವಸೆ ಉಳಿದಿಲ್ಲ. ನಾನು ಒಂದು ಹೇಳಿದರೆ ನಿಮಗೆ ಇನ್ನೊಂದು ಕೇಳಿಸುತ್ತದೆ, ಅದರ ಫಲ ನನ್ನ ಬಲಗೈ ಉಣ್ಣುತ್ತಿದೆ. ಇನ್ನು ಮೇಲೆ ಏನಿದ್ದರೂ ಕಾಗದದಲ್ಲಿ ಮಾತಾಡೋಣ. ಬರೆದದ್ದನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ನಿಮಗೂ ಸ್ವಲ್ಪ ಕಷ್ಟವಾಗಬಹುದು.

ಬರೆಯುತ್ತಿರುವವಳು ಮಗಳು ಫರ್ಹೀನ. ಡಿಗ್ರಿಯಲ್ಲಿ ಕನ್ನಡ ಓದುತ್ತಿದ್ದಾಳೆ, ನಾನು ಹೇಳಿದ್ದನ್ನೆಲ್ಲ ಪುಸ್ತಕದ ಕನ್ನಡ ಮಾಡಿಬಿಡುತ್ತಾಳೆ. ಬೈಗುಳ ಬಂದ ಕಡೆ ಪೆನ್ನು ಎತ್ತಿ ಹಿಡಿದು, "ಅಬ್ಬಾ, ಇದು ನಾ ಬರಿಯಂಗಿಲ್ಲ" ಎಂದು ಕೂಡುತ್ತಾಳೆ. ಹೀಗಾಗಿ ಈ ಕಾಗದ ನನಗಿಂತ ಬಹಳ ಸಭ್ಯವಾಗಿದೆ ಎಂಬುದು ನಿಮಗೆ ತಿಳಿದಿರಲಿ.

ವಿಷಯಕ್ಕೆ ಬರುತ್ತೇನೆ. ದೀಪಾವಳಿ ಆದ ಮೇಲೆ ಭಾಲ್ಕಿ ಕಾರ್ಖಾನೆಯಲ್ಲಿ ನೀವು ನಡೆಸುವ ಕ್ರೇನಿಗೆ ಹೊಸ ವೈರ್ ರೋಪ್ ಹಾಕುವಾಗ ನನ್ನ ಕೈ ಪುಲ್ಲಿಯೊಳಗೆ ಹೋಯಿತು, ಹೆಬ್ಬೆರಳು ಮಾತ್ರ ಹೊರಗೆ ಬಂತು. ಇದು ಊರಿಗೆಲ್ಲ ಗೊತ್ತು. ಯಾಕೆ ಹೋಯಿತು ಎಂಬುದಕ್ಕೆ ಸೈಟಿನ ಸಾಹೇಬರು ಒಂದು ಕಾರಣ ಬರೆದು ಕಳಿಸಿದ್ದಾರೆ: 'ರಿಗ್ಗರ್ ತಾನೇ ವಾಕಿಟಾಕಿಯಲ್ಲಿ ಹಾಪಿಸ್ ಎಂದದ್ದರಿಂದ.' ರೋಪ್ ಕಟ್ಟುವ ರಿಗ್ಗರ್ ನಾನು ಎಂಬುದು ಫರ್ಹೀನಳಿಗೆ ಗೊತ್ತು, ಹಾಪಿಸ್ ಅಂದರೇನು ಎಂದು ಮಾತ್ರ ಇಲ್ಲಿ ತಡೆದು ಕೇಳಿದಳು. ಕ್ರೇನಿನವರಿಗೆ ಎತ್ತು ಎನ್ನಬೇಕಾದರೆ ಹಾಪಿಸ್, ಇಳಿಸು ಎನ್ನಬೇಕಾದರೆ ಆರಿಯಾ. ಅದು ಯಾವ ಭಾಷೆಯೋ ನಮಗೆ ಗೊತ್ತಿಲ್ಲ, ಮುಂಬೈ ಬಂದರಿನ ಖಲಾಸಿಗಳಿಂದ ಬಂದದ್ದಂತೆ ಎಂದೆ. ಆಗ ಅವಳು, "ಕೈ ಪುಲ್ಲಿ ಬಾಯಾಗ ಇಟ್ಕೊಂಡು ಎತ್ತು ಅನ್ಲಿಕ್ಕ ನಿಮಗೇನು ಹುಚ್ಚು ಹಿಡದಿತ್ತಾ?" ಎಂದಳು. ಓದಿದ ಸಾಹೇಬರಿಗೆ ಈ ಪ್ರಶ್ನೆ ಹೊಳೆಯಲಿಲ್ಲ.

ಜನವರಿಯಲ್ಲಿ ವಿಚಾರಣೆ ಇದೆ. ಹೋದ ಬೆರಳು ಹೋದವು, ನಾನು ನೋಡುತ್ತಿರುವುದು ಸೈಟಿನಲ್ಲಿ ಕೆಲಸ ಮಾಡಲು ಬೇಕಾದ ನನ್ನ ಕಾರ್ಡಿನ ಕಡೆಗೆ. ರೋಪ್ ಹಿಡಿಯಲು ಇನ್ನು ನನ್ನಿಂದ ಆಗದು, ಆದರೆ ಕೆಳಗೆ ನಿಂತು ಕೈಸನ್ನೆ ಮಾಡಿ ಕ್ರೇನ್ ನಡೆಸುವ ಸಿಗ್ನಲ್‌ಮನ್ ಆಗಲು ಎಡಗೈ ಸಾಕು. ತಪ್ಪು ಸಿಗ್ನಲ್ ಕೊಟ್ಟವ ಎಂಬ ಹೆಸರು ಹತ್ತಿದರೆ ಮಾತ್ರ ಯಾವ ಗೇಟಿನವನೂ ಒಳಗೆ ಬಿಡುವುದಿಲ್ಲ. ನೀವು ವಿಚಾರಣೆಯವರಿಗೆ ಒಂದೇ ಸಾಲು ಬರೆದುಕೊಡಿ: 'ಕೇಳಿಸಿದ ಮಾತನ್ನು ನಾನು ತಿರುಗಿ ಹೇಳಲಿಲ್ಲ, ಹಾಗೇ ಎತ್ತಿದೆ.' ನಮ್ಮ ಗ್ಯಾಂಗಿನ ಪದ್ಧತಿ ನಿಮಗೆ ಕಲಿಸಿದವನು ನಾನು. ಹಾಪಿಸ್ ಎಂದು ಕೇಳಿಸಿದರೆ ಆಪರೇಟರ್ ಕ್ಯಾಬಿನ್ನಿನಿಂದ ಬಗ್ಗಿ 'ಹಾಪಿಸ್?' ಎಂದು ಕೂಗಿ ತಿರುಗಿ ಕೇಳಬೇಕು, ಕೆಳಗಿನವನು ಹೂಂ ಎಂದ ಮೇಲೆಯೇ ಲಿವರ್ ಮುಟ್ಟಬೇಕು. ಆ ದಿನ ನೀವು ಕೇಳಲಿಲ್ಲ.

ಉತ್ತರ ಬರೆಯಿರಿ.

ಫಕ್ರೋದ್ದೀನ


ಭಾಲ್ಕಿ
20 ಡಿಸೆಂಬರ್ 2024

ಪ್ರೀತಿಯ ಫಕ್ರು ಭಾಯಿ,

ನಿಮ್ಮ ಕಾಗದವನ್ನು ಕ್ಯಾಬಿನ್ನಿನಲ್ಲಿ ಕೂತು ಓದಿದೆ. ನೀವು ನನಗೆ 'ನೀವು' ಎಂದು ಬರೆದಿದ್ದೀರಿ. ಕ್ಲೀನರ್ ಆಗಿ ಬಂದ ದಿನದಿಂದ "ಲೇ ಅಮೋಲ್ಯಾ, ಇಲ್ಲಿ ಬಾ" ಎಂದು ಕರೆದು, ಕಿವಿ ಹಿಂಡಿ ಕೆಲಸ ಕಲಿಸಿದವರು ಈಗ ಶ್ರೀ ಹಚ್ಚಿ ಬರೆದರೆ ನನಗೆ ಹೇಗಾಗಬೇಕು? ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಫರ್ಹೀನಳಿಗೆ ಹೇಳಿರಿ, ಬೈಗುಳ ಬಿಡದೆ ಬರೆಯಲಿ, ನಾನು ಓದುತ್ತೇನೆ.

ಆಸ್ಪತ್ರೆಗೆ ಬಂದಿದ್ದೆ. ಸಕೀನಾ ಭಾಭಿ ಬಾಗಿಲಲ್ಲೇ ನಿಂತು, "ಮಲಗ್ಯಾರರಿ, ಎಬ್ಬಿಸಂಗಿಲ್ಲ" ಎಂದರು. ಒಳಗೆ ನೀವು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅದು ಮಾತ್ರ ನನ್ನ ಕಿವಿಗೆ ತಪ್ಪು ಕೇಳಿಸಲಿಲ್ಲ. ತಂದಿದ್ದ ಮೋಸಂಬಿಯನ್ನು ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಮುದುಕನಿಗೆ ಕೊಟ್ಟು ಬಂದೆ.

ನೀವು ಹಾಕಿದ ರೋಪ್ ಬಹಳ ಚೆಂದ ನಡೆಯುತ್ತಿದೆ. ಡ್ರಮ್ಮಿನ ಮೇಲೆ ಸುತ್ತಿನ ಪಕ್ಕ ಸುತ್ತು ಹೊಂದಿಕೊಂಡು ಕೂಡುತ್ತದೆ, ಒಂದೂ ಮೇಲೆ ಹತ್ತುವುದಿಲ್ಲ. ಉಳಿದ ಕೆಲಸ ಮುಗಿಸಿದವರು ಬೇರೆಯವರಾದರೂ ಅದು ನಿಮ್ಮ ರೋಪ್ ಎಂದೇ ಎಲ್ಲರೂ ಅನ್ನುತ್ತಾರೆ.

ಭಾಯಿ, ನಾನು ಹಾಪಿಸ್ ಎಂದು ಕೇಳಿದ್ದು ಸುಳ್ಳಲ್ಲ. ನನ್ನ ತಾಯಾಣೆ. ನಿಮ್ಮದೇ ದನಿ. ನಿಮ್ಮ ದನಿಯನ್ನು ನೂರು ಜನರ ನಡುವೆ ಗುರುತು ಹಿಡಿಯುತ್ತೇನೆ. ನೀವು ಹೇಳಿಲ್ಲ ಎನ್ನುತ್ತೀರಿ, ನೀವು ಸುಳ್ಳಾಡುವವರಲ್ಲ ಎಂಬುದೂ ನನಗೆ ಗೊತ್ತು. ನನಗೆ ತಲೆ ಕೆಟ್ಟುಹೋಗಿದೆ. ಆ ಬೆಳಗಿನದನ್ನು ನೀವೇ ಮೊದಲಿನಿಂದ ಬರೆಯಿರಿ, ಒಂದನ್ನೂ ಬಿಡಬೇಡಿ. ಎಲ್ಲಿ ತಪ್ಪಿತು ಎಂದು ಹುಡುಕೋಣ. ತಿರುಗಿ ಹೇಳುವ ಪದ್ಧತಿಯ ವಿಷಯ ಎದುರಿಗೆ ಸಿಕ್ಕಾಗ ಮಾತಾಡೋಣ, ಅದು ಕಾಗದದಲ್ಲಿ ಬೇಡ.

ಹೆಂಡತಿ ರಾಧಿಕಾ ನಿಮ್ಮನ್ನು ಬಹಳ ಕೇಳುತ್ತಾಳೆ.

ನಿಮ್ಮ
ಅಮೋಲ್ಯಾ


ಬೀದರ್
27 ಡಿಸೆಂಬರ್ 2024

ಅಮೋಲ್,

ಆಯಿತು, ಶ್ರೀ ತೆಗೆದಿದ್ದೇನೆ. ನಿನಗೆ 'ನೀವು' ಎನ್ನುವುದು ನನಗೂ ಬಾಯಲ್ಲಿ ಕಲ್ಲು ಇಟ್ಟುಕೊಂಡಂತೆ ಆಗುತ್ತಿತ್ತು. ಕೆಮ್ಮಿದ್ದು ನಾನೇ. ಆ ದಿನ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ನೋಡಿದರೆ ಕ್ಷಮಿಸಿಬಿಡುತ್ತೇನೆ ಎಂದು ಹೆದರಿದ್ದೆ.

ಕೇಳಿದ್ದೀಯಲ್ಲ, ಮೊದಲಿನಿಂದ ಹೇಳುತ್ತೇನೆ. ಹಳೆಯ ರೋಪಿನ ಮೇಲೆ ಹಿಂದಿನ ದಿನವೇ ಬಟ್ಟೆ ಎಳೆದು ನೋಡಿದ್ದೆ. ಅಲ್ಲಲ್ಲಿ ಸಿಕ್ಕಿಕೊಂಡಿತು, ಅಂದರೆ ತಂತಿಯ ಎಳೆ ಹರಿದಿವೆ. ಬದಲಿಸದೆ ಎತ್ತುವುದಿಲ್ಲ ಎಂದು ಸಾಹೇಬರ ಎದುರು ಹಟ ಹಿಡಿದವನೂ ನಾನೇ. ಬೆಳಿಗ್ಗೆ ನೀನು ಕ್ರೇನಿನ ಉದ್ದ ತೋಳು, ಆ ಬೂಮನ್ನು ಮಲಗಿಸಿದೆ. ಭಾರ ಎತ್ತುವ ಹುಕ್ ಬ್ಲಾಕನ್ನು ನೆಲದ ಮೇಲೆ ನಿಲ್ಲಿಸಿ ಅದರ ಪುಲ್ಲಿಗಳಲ್ಲಿ ರೋಪ್ ಪೋಣಿಸುತ್ತಾ ಹೊರಟೆ. ಹೊಸ ರೋಪ್ ಎಂದರೆ ನಿನಗೆ ಗೊತ್ತಲ್ಲ, ಹಟಮಾರಿ ಎತ್ತಿನ ಹಾಗೆ. ಎರಡೂ ಕೈ ಅದಕ್ಕೇ ಬೇಕು. ಒಂದು ಕೈ ಬಿಟ್ಟು ವಾಕಿಟಾಕಿ ಗುಂಡಿ ಒತ್ತಲು ಆಗದು. ಅದಕ್ಕೇ ಯಾವಾಗಲೂ ಮಾಡುವ ಹಾಗೆ ಗುಂಡಿಗೆ ರಬ್ಬರ್ ಬಿಗಿದು, ಒತ್ತಿದಂತೆಯೇ ಇರಿಸಿ, ಎದೆಗೆ ಸಿಕ್ಕಿಸಿಕೊಂಡಿದ್ದೆ. ಆ ರಬ್ಬರ್ ಫರ್ಹೀನಳ ಕೂದಲಿನದು. ಇದನ್ನು ಬರೆಯುವಾಗ ಅವಳು ತಲೆ ಎತ್ತಲಿಲ್ಲ.

ನಾನು ಆರಿಯಾ ಎನ್ನುತ್ತಾ ಹೋದೆ, ನೀನು ಡ್ರಮ್ಮಿನಿಂದ ಬಿಡುತ್ತಾ ಬಂದೆ. ನಡುವೆ ಲಾಲ ಅಹ್ಮದ ಚಚಾ ಬಂದರು. ನಮ್ಮ ಗ್ಯಾಂಗಿನಲ್ಲಿ ಹಿರಿಯರು ಅವರೇ ತಾನೆ, ಹೇಳದೆ ಸೈಟು ಬಿಡುವವರಲ್ಲ. ಕಮಠಾಣದಲ್ಲಿ ಅವರ ತಂಗಿಯ ಮಗಳ ನಿಕಾಹ್ ಇತ್ತು. "ಚಲ್ತೂಂ ಬೇಟಾ" ಎಂದರು. ಖುದಾ ಹಾಫಿಜ್ ಚಚಾ ಎಂದು ಬೀಳ್ಕೊಟ್ಟೆ. ಅವರು ಆ ಕಡೆ ತಿರುಗಿದರು, ಇಲ್ಲಿ ಸಡಿಲಾಗಿದ್ದ ರೋಪ್ ಸರ್ರನೆ ಬಿಗಿಯಿತು. ನನ್ನ ಕೈಗವಸು ಮೊದಲು ಹೋಯಿತು, ಅದರ ಹಿಂದೆ ಕೈ ಹೋಯಿತು. ಆರಿಯಾ ಬಿಟ್ಟರೆ ಬೇರೆ ಯಾವ ಹುಕುಮ್ಮನ್ನೂ ನಾನು ನಿನಗೆ ಕೊಡಲಿಲ್ಲ ಅಮೋಲ್. ಖುರಾನಿನ ಮೇಲೆ ಕೈಯಿಟ್ಟು ಹೇಳುತ್ತೇನೆ, ಎಡಗೈ ಇಟ್ಟರೆ ಆಗುವುದಾದರೆ.

ಇಷ್ಟೇ. ಈಗ ನೀನು ಆ ಒಂದು ಸಾಲು ಬರೆದುಕೊಡು. ನನ್ನ ಮೇಲೆ ಹೊರಿಸಬೇಡ, ನಿನ್ನ ಮೇಲೂ ಎಲ್ಲವನ್ನೂ ಹೊತ್ತುಕೋ ಎನ್ನುವುದಿಲ್ಲ. ತಿರುಗಿ ಕೇಳಲಿಲ್ಲ ಎಂದಷ್ಟೇ ಬರೆ. ಬರೆದ ದಿನ ಮನೆಗೆ ಬಾ, ಸಕೀನಾ ಬಾಗಿಲು ತೆಗೆಯುತ್ತಾಳೆ.

ಫಕ್ರು


ಔರಾದ
2 ಫೆಬ್ರವರಿ 2025

ಪ್ರೀತಿಯ ಫಕ್ರು ಭಾಯಿ,

ಇಷ್ಟು ದಿನ ಬರೆಯಲಿಲ್ಲ ಎಂದು ಸಿಟ್ಟಾಗಬೇಡಿ. ನನ್ನನ್ನು ಔರಾದ ಕಡೆ ಗಾಳಿಯಂತ್ರ ಎಬ್ಬಿಸುವ ಸೈಟಿಗೆ ಹಾಕಿದ್ದಾರೆ. ಭಾಲ್ಕಿಯ ಕ್ರೇನ್ ಇದರ ಮುಂದೆ ಆಟಿಕೆ ಸಾಮಾನು. ಇದರ ಬೂಮ್ ಜೋಡಿಸಿ ಎಬ್ಬಿಸಿದ ದಿನ ಸುತ್ತಿನ ಹಳ್ಳಿಯವರೆಲ್ಲ ಬಂದು ನೋಡಿದರು. ನೀವು ಇರಬೇಕಿತ್ತು.

ಮುಖ್ಯ ಸುದ್ದಿ ಹೇಳುತ್ತೇನೆ. ತಪ್ಪು ಎಲ್ಲಿದೆ ಎಂದು ಸಿಕ್ಕಿತು ಭಾಯಿ! ನಿಮ್ಮ ಕಾಗದದಲ್ಲೇ ಇತ್ತು, ನಿಮಗೇ ಕಾಣಲಿಲ್ಲ. ನೀವು ಚಚಾನಿಗೆ ಖುದಾ ಹಾಫಿಜ್ ಎಂದಿರಿ. ಗುಂಡಿಗೆ ರಬ್ಬರ್ ಬಿಗಿದಿತ್ತು, ಮಾತು ನನಗೂ ಬಂತು. ನಮ್ಮೂರವರ ನಾಲಿಗೆಗೆ ಅದು ಯಾವತ್ತೂ ಖುದಾ ಹಾಪಿಸ್ಸೇ. ಎಂಜಿನ್ ಸದ್ದಿನಲ್ಲಿ ಖುದಾ ಮುಳುಗಿ ಹೋಯಿತು, ಹಾಪಿಸ್ ನನ್ನ ಕಿವಿಗೆ ಬಿತ್ತು. ನಾನು ಎತ್ತಿದೆ. ನೀವೂ ಸುಳ್ಳಾಡಿಲ್ಲ, ನಾನೂ ಸುಳ್ಳಾಡಿಲ್ಲ! ಇದು ಹೊಳೆದಾಗ ನಾನು ಕ್ಯಾಬಿನ್ನಿನಲ್ಲಿ ಒಬ್ಬನೇ ಅತ್ತುಬಿಟ್ಟೆ. ಎಷ್ಟು ದಿನದಿಂದ ನನಗೆ ನಾನೇ ಕಳ್ಳನ ಹಾಗೆ ಕಾಣುತ್ತಿದ್ದೆ.

ವಿಚಾರಣೆಯಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಸಾಹೇಬರು ಬಹಳ ಆಸಕ್ತಿಯಿಂದ ಕೇಳಿ ಎಲ್ಲವನ್ನೂ ಬರೆದುಕೊಂಡರು. "ಇಷ್ಟ ಸಾಕು, ಈಗ ತಿಳೀತು" ಎಂದರು. ಬೇರೇನೂ ಕೇಳಲಿಲ್ಲ, ನಾನೂ ಬೇರೇನೂ ಹೇಳಲಿಲ್ಲ. ನೀವು ಬೇಕಂತಲೇ ಹಾಪಿಸ್ ಎನ್ನಲಿಲ್ಲ ಎಂಬುದು ಈಗ ದಾಖಲೆಯಲ್ಲೇ ಬಂತಲ್ಲ, ನಿಮ್ಮ ಕಾರ್ಡಿಗೆ ಇನ್ನೇನು ಅಡ್ಡಿ? ಬೀದರಿಗೆ ಬಂದಾಗ ಪೇಡೆ ತರುತ್ತೇನೆ.

ನಿಮ್ಮ
ಅಮೋಲ್ಯಾ


ಬೀದರ್
11 ಫೆಬ್ರವರಿ 2025

ಅಮೋಲ್,

ಪೇಡೆ ತರಬೇಡ.

ನಿನ್ನ ಕಾಗದ ಬರುವ ಮೊದಲೇ ನಿನ್ನ ಸುದ್ದಿ ವಿಚಾರಣೆಯ ಸಾಹೇಬರ ಬಾಯಿಂದ ನನಗೆ ತಿಳಿದಿತ್ತು. ನನ್ನನ್ನು ಕರೆಸಿ, "ಖುದಾ ಹಾಫಿಜ್ ಅಂದಿದ್ದು ಖರೇನಾ?" ಎಂದು ಕೇಳಿದರು. ಖರೆ ಎಂದೆ. ಸ್ನೇಹಿತನೆಂದು ನಿನಗೆ ಬರೆದದ್ದು ಅವರ ಮೇಜಿನ ಮೇಲೆ ಹೇಗೆ ಬಂತು ಎಂದು ಆಗ ಗೊತ್ತಾಗಲಿಲ್ಲ, ಮನೆಗೆ ಬರುವ ದಾರಿಯಲ್ಲಿ ಗೊತ್ತಾಯಿತು. ಆಪರೇಟರ್ ತಿರುಗಿ ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ಅವರು ನಿನ್ನ ಹೇಳಿಕೆಯನ್ನು ಮಗುಚಿ ನೋಡಿ, "ಅದು ಇದರಾಗ ಎಲ್ಲೂ ಇಲ್ಲರಿ" ಎಂದರು. ನೀನು ಸುಳ್ಳಾಡಲಿಲ್ಲ ನಿಜ. ಸುಳ್ಳಾಡುವ ಕಷ್ಟವನ್ನೂ ನೀನು ತೆಗೆದುಕೊಳ್ಳಲಿಲ್ಲ.

ತೀರ್ಮಾನ ಬಂದಿದೆ. 'ಕೆಲಸದ ವಾಕಿಟಾಕಿಯಲ್ಲಿ ಖಾಸಗಿ ಮಾತಾಡಿ ಅಪಘಾತಕ್ಕೆ ಕಾರಣನಾದ.' ಕಾರ್ಡು ರದ್ದು. ಮೊದಲು ನಾನು ತಪ್ಪು ಮಾತಾಡಿದವನಾಗಿದ್ದೆ, ಈಗ ನಮ್ಮ ಮನೆಯ ಮಾತೇ ತಪ್ಪಾಗಿದೆ. ಅಕ್ಕನ ಮಗ ಸಾಜಿದ ನಿನಗೆ ಗೊತ್ತಲ್ಲ, ರಿಗ್ಗರ್ ಪರೀಕ್ಷೆ ಪಾಸಾಗಿ ಭಾಲ್ಕಿ ಸೈಟಿಗೆ ಹೋಗಿದ್ದ. ಗೇಟಿನಲ್ಲೇ ಕೂಲಿಯಾಳುಗಳ ಮೇಲ್ವಿಚಾರಕ ಮುಕಾದಮ, "ನಿಮ್ಮ ಮಂದಿ ಖುದಾ ಹಾಫಿಜ್ ಅಂತೀರಿ, ನಮ್ಮ ಕ್ರೇನ್ ಎದ್ದು ನಿಲ್ತದ. ನಮಗ ಬ್ಯಾಡಪಾ ಈ ಲಫಡಾ" ಎಂದು ನಕ್ಕು ವಾಪಸ್ ಕಳಿಸಿದ. ನಗುತ್ತಲೇ ಹೇಳಿದನಂತೆ. ಸಾಜಿದನೂ ನಗಬೇಕಾಯಿತಂತೆ.

ಹಾಪಿಸ್ ಬದಲು ಬೇರೆ ಮಾತು ಬಳಸಿ ಎಂದು ಒಬ್ಬರಾದರೂ ಹೇಳಿದರಾ? ಇಲ್ಲ. ಅಪ್ಪ ಅಮ್ಮ ಇಲ್ಲದ ಆ ಮಾತು ಸೈಟಿನಲ್ಲಿ ಉಳಿಯಿತು. ನಮ್ಮದು ಹೊರಗೆ ಬಂತು. ಲಾಲ ಅಹ್ಮದ ಚಚಾ ಮನೆಗೆ ಬಂದು, "ನಾ ಹೇಳ್ದೆ ಹೋಗಿದ್ರ ನಿನ್ನ ಕೈ ಉಳೀತಿತ್ತು" ಎಂದು ಮಗುವಿನ ಹಾಗೆ ಅತ್ತರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು, ಖುದಾ ಹಾಫಿಜ್ ಅನ್ನದೆ ಇಳಿದು ಹೋದರು. ಆ ವಯಸ್ಸಿನ ಮನುಷ್ಯನ ಬಾಯಿ ಕಟ್ಟಿಸಿದ್ದೀರಿ ನೀವೆಲ್ಲ ಸೇರಿ.

ಇನ್ನೂ ಒಂದು ದಾರಿ ಇದೆ. ಮಾರ್ಚ್ ಮುಗಿಯುವುದರೊಳಗೆ ಅಪೀಲು ಹಾಕಬಹುದು. ಹೊಸ ಸಂಗತಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರಂತೆ. ಹೊಸ ಸಂಗತಿ ನಿನ್ನೊಬ್ಬನ ಹತ್ತಿರ ಇದೆ. ನಾನು ಯಾರ ಮುಂದೂ ಕೈ ಚಾಚಿದವನಲ್ಲ, ಈಗ ಚಾಚಲು ಪೂರ್ತಿ ಕೈಯೂ ಇಲ್ಲ, ಆದರೂ ಚಾಚುತ್ತಿದ್ದೇನೆ. ಬರೆದುಕೊಡು ಅಮೋಲ್ಯಾ.

ಫಕ್ರು


ಔರಾದ
25 ಮಾರ್ಚ್ 2025

ಪ್ರೀತಿಯ ಫಕ್ರು ಭಾಯಿ,

ಎಷ್ಟು ಸಲ ಬರೆಯಲು ಕೂತೆ, ಎಷ್ಟು ಸಲ ಹರಿದು ಹಾಕಿದೆ, ದೇವರಿಗೇ ಗೊತ್ತು. ಇವತ್ತು ಗಾಳಿ ಜೋರಾಗಿದೆ, ಎತ್ತುವ ಕೆಲಸ ನಿಲ್ಲಿಸಿದ್ದಾರೆ. ಇವತ್ತು ಬರೆಯದಿದ್ದರೆ ಎಂದೂ ಬರೆಯಲಾರೆ.

ಹೌದು ಭಾಯಿ, ನಾನು ತಿರುಗಿ ಕೇಳಲಿಲ್ಲ. ನೀವು ಮೊದಲ ಕಾಗದದಲ್ಲಿ ಬರೆದದ್ದು ಅಕ್ಷರಶಃ ನಿಜ. ಕೇಳಿಸಿತು, ಲಿವರ್ ಎಳೆದೆ. ಯಾಕೆ ಕೇಳಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಬೇರೆ ಯಾರ ದನಿಯಾಗಿದ್ದರೂ ಕೇಳುತ್ತಿದ್ದೆ. ಚಚಾನ ದನಿಯಾಗಿದ್ದರೂ ಕೇಳುತ್ತಿದ್ದೆ. ನಿಮ್ಮ ದನಿ ಬಂದರೆ ನನ್ನ ಕೈ ತಾನೇ ಹೋಗುತ್ತದೆ. ಫಕ್ರು ಭಾಯಿ ಹೇಳಿದರು ಎಂದ ಮೇಲೆ ಅದರಲ್ಲಿ ತಪ್ಪಿರುತ್ತದೆ ಎಂದು ನನಗೆ ಎಂದೂ ಅನಿಸಿದ್ದಿಲ್ಲ. ನಿಮ್ಮ ಮೇಲಿನ ನಂಬಿಕೆಯೇ ನಿಮ್ಮ ಕೈ ತಿಂದಿತು. ನಾನು ಅಲಕ್ಷ್ಯದಿಂದ ಮಾಡಲಿಲ್ಲ ಎಂದು ನೀವಾದರೂ ನಂಬಬೇಕು.

ಎಂಜಿನ್ ನಿಲ್ಲಿಸಿ ಕೆಳಗೆ ಹಾರಿ ಬಂದಾಗ ನೀವು ಒದರಲಿಲ್ಲ. ನನ್ನ ಮುಖ ನೋಡಿ, "ಯಾಕಲೇ ಎತ್ತಿದಿ?" ಎಂದಿರಿ. ಮೆಲ್ಲಗೆ ಕೇಳಿದಿರಿ. ಆ ಮಾತು ಈಗಲೂ ಊಟ ಮಾಡುವಾಗ ಕೇಳಿಸುತ್ತದೆ.

ಆಫೀಸಿಗೆ ಬರೆದುಕೊಡಲು ಹೊರಟಿದ್ದೆ ಭಾಯಿ. ರಾಧಿಕಾ ಅಡ್ಡ ನಿಂತಳು. "ಎಲ್ಲಾರೂ ಬಾಯಿ ಮುಚ್ಚಿಕೊಂಡು ಕುಂತಾರ, ನೀವೊಬ್ಬರೇ ಯಾಕ ಬಾಯಿ ಬಿಡ್ತೀರಿ? ಕೂಸು ಹುಟ್ಟೋ ಹೊತ್ತಿಗೆ ಮನ್ಯಾಗ ಕುಂತಿರ್ತೀರಿ ಅಷ್ಟ" ಎಂದಳು. ಅವಳಿಗೆ ಈಗ ದಿನ ಹತ್ತಿರ ಬಂದಿವೆ. ತಿರುಗಿ ಕೇಳದ ಆಪರೇಟರ್ ಎಂದು ಒಮ್ಮೆ ಹೆಸರಾದರೆ ಈ ದೊಡ್ಡ ಕ್ರೇನಿನ ಸೀಟು ಹೋಗುತ್ತದೆ, ಸಣ್ಣದೂ ಸಿಗುವುದಿಲ್ಲ. ಈ ಸೀಟಿಗೆ ನಾನು ಬರಲಿ ಎಂದು ಮೊದಲು ಆಸೆಪಟ್ಟವರು ನೀವೇ ಅಲ್ಲವೇ? "ಅಮೋಲ್ಯಾ ಒಂದಿನ ಎಲ್ಲಕ್ಕೂ ದೊಡ್ಡ ಕ್ರೇನ್ ನಡಸ್ತಾನ ನೋಡ್ರಿ" ಎಂದು ಎಲ್ಲರ ಮುಂದೆ ಹೇಳುತ್ತಿದ್ದಿರಿ. ಈಗ ಇಬ್ಬರೂ ಕೆಳಗಿಳಿದು ಕೂತರೆ ಯಾರಿಗೆ ಏನು ಬಂತು?

ಒಂದು ವಿಚಾರ ಮಾಡಿದ್ದೇನೆ. ನನಗೆ ಮಗ ಹುಟ್ಟಲಿ ಮಗಳು ಹುಟ್ಟಲಿ, ಮೊದಲು ನಿಮ್ಮ ಮಡಿಲಲ್ಲೇ ಹಾಕುತ್ತೇನೆ. ಸಾಜಿದನಿಗೆ ಇಲ್ಲಿ ಏನಾದರೂ ಆಗುತ್ತದೆಯೇ ಎಂದು ಮೆಲ್ಲಗೆ ಕೇಳುತ್ತೇನೆ. ರಂಜಾನ್ ಹಬ್ಬಕ್ಕೆ ಯಾವಾಗಿನ ಹಾಗೆ ಶೀರ್ ಕುರ್ಮಾಕ್ಕೆ ಬರುತ್ತೇನೆ, ಭಾಭಿ ಬಾಗಿಲು ಹಾಕಿದರೂ ಹೊರಗೆ ಕೂತಿರುತ್ತೇನೆ.

ನಿಮ್ಮ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ, ಎದೆ ಹಗುರಾಯಿತು. ಈ ಕಾಗದವನ್ನು ಮಾತ್ರ ಯಾರಿಗೂ ತೋರಿಸಬೇಡಿ.

ನಿಮ್ಮ ತಮ್ಮ
ಅಮೋಲ್ಯಾ


ಬೀದರ್
2 ಏಪ್ರಿಲ್ 2025

ಶ್ರೀ ಅಮೋಲ್ ಅವರಿಗೆ,

ಇದನ್ನು ನಾನೇ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ. ಫರ್ಹೀನ ಬರೆಯಲು ಒಪ್ಪಲಿಲ್ಲ. ಬರೆದರೆ ಈ ಸಲ ಬೈಗುಳವನ್ನಷ್ಟೇ ಬರೆಯುತ್ತೇನೆ ಎಂದಳು.

ನಿಮ್ಮ ಕಾಗದ ನಿನ್ನೆ ಬಂತು. ಒಳಗೆ ನೀವು ಹಾಕಿದ ತಾರೀಖು ಇಪ್ಪತ್ತೈದು. ಲಕೋಟೆಯ ಮೇಲೆ ಅಂಚೆಯವರ ಠಸ್ಸೆ ಇಪ್ಪತ್ತೊಂಬತ್ತರದು. ಮರುದಿನ ರವಿವಾರ, ಅದರ ಮರುದಿನ ಹಬ್ಬ. ಅಪೀಲಿನ ಗಡುವು ಹಬ್ಬದ ದಿನವೇ ಮುಗಿಯಿತು. ಔರಾದದಲ್ಲಿ ಅಂಚೆಪೆಟ್ಟಿಗೆ ಅಷ್ಟು ದೂರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾಗದ ಓದಿ ಸಕೀನಾ ಕೇಳಿದಳು, "ಇದನ್ನ ಒಯ್ದು ಕೊಟ್ರ ಈಗ ನಡಿಯಂಗಿಲ್ಲೇನು?" ನಡೆಯುವುದಿಲ್ಲ ಎಂದೆ. ನಡೆಯದ ದಿನವನ್ನು ನೋಡಿಯೇ ನೀವು ಅಂಚೆಗೆ ಹಾಕಿದ್ದೀರಿ ಎಂದು ಅವಳಿಗೆ ಬಿಡಿಸಿ ಹೇಳಲಿಲ್ಲ. ಅವಳು ಹಬ್ಬದ ದಿನ ನಿಮ್ಮ ಪಾಲಿನ ಶೀರ್ ಕುರ್ಮಾ ತೆಗೆದಿಟ್ಟಿದ್ದಳು. ನೀವು ಬರಲಿಲ್ಲ, ಸಂಜೆ ಸಾಜಿದ ತಿಂದ.

ನಾನು ಗಾಂಧಿಗಂಜಿನಲ್ಲಿ ಒಂದು ತೊಗರಿ ಗೋದಾಮಿನ ಕಾವಲಿಗೆ ಸೇರಿದ್ದೇನೆ. ಅಲ್ಲಿ ಯಾರೂ ಕಾರ್ಡು ಕೇಳುವುದಿಲ್ಲ. ನಿಮಗೆ ಕೂಸು ಹುಟ್ಟಲಿ, ತಾಯಿ ಮಗು ಸುಖವಾಗಿರಲಿ. ನನ್ನ ಮಡಿಲಿಗೆ ತರಬೇಡಿ.

ನಾಲ್ಕು ಪುಟ ಬರೆದು ಎದೆ ಹಗುರ ಮಾಡಿಕೊಂಡಿದ್ದೀರಿ. ನಾನು ಕೇಳಿದ್ದು ಒಂದು ಸಾಲು, ಅದನ್ನು ಅವರಿಗೆ ಬರೆಯಿರಿ ಎಂದಿದ್ದೆ. ನೀವು ತಿರುಗಿ ಕೇಳಲಿಲ್ಲ ಎಂಬುದು ನನಗೆ ಮೊದಲ ದಿನದಿಂದ ಗೊತ್ತಿತ್ತಲ್ಲ ಅಮೋಲ್, ನನಗೆ ಯಾಕೆ ಬರೆದಿರಿ?

ಫಕ್ರೋದ್ದೀನ